ಕಣಕ್ಕೆ ಸುತ್ತು ಹಾಕದ ಡ್ರೋನ್

ನಮ್ಮ ಕಡೆ ಡ್ರೋನಿನ ಸದ್ದು ಕೇಳಿದರೆ ಯಾರೂ ಆಕಾಶ ನೋಡುವುದಿಲ್ಲ. ಮೊದಲು ಚಪ್ಪಲಿ ಹುಡುಕುತ್ತಾರೆ. ಕೊಟ್ಟಿಗೆಹಾರದಿಂದ ಈಚೆಗಿನ ತೋಟಗಳಲ್ಲಿ ಆನೆ ಹಗಲು ಹೊತ್ತು ಕಾಫಿ ಗಿಡಗಳ ನಡುವೆಯೇ ನಿದ್ದೆ ಹೊಡೆಯುತ್ತದೆ. ಮಾರು ದೂರದಲ್ಲಿ ನಿಂತಿದ್ದರೂ ಕಾಣುವುದಿಲ್ಲ. ಹಾಗಾಗಿ ಅರಣ್ಯ ಇಲಾಖೆಯ ಆನೆ ಪಡೆಯವರು ಡ್ರೋನ್ ಹಾರಿಸಿ ಅದು ಎಲ್ಲಿದೆ ಎಂದು ಹುಡುಕುತ್ತಾರೆ. ಡ್ರೋನ್ ಎದ್ದಿತು ಎಂದರೆ ಆನೆ ಹತ್ತಿರದಲ್ಲಿದೆ ಎಂದು ಅರ್ಥ. ಹಣ್ಣು ಕೊಯ್ಯುವವರು ಚೀಲ ಅಲ್ಲೇ ಬಿಟ್ಟು ಡಾಂಬರು ರಸ್ತೆಗೆ ಹೋಗಿ ನಿಲ್ಲಬೇಕು. ಆನೆ ದಾಟಿತು ಎಂದು ಫೋನಿಗೆ ಮೆಸೇಜು ಬಂದ ಮೇಲೆ ವಾಪಸು. ಇದು ನಮಗೆ ಬೆಳಗಿನ ಟೀ ಇದ್ದ ಹಾಗೆ ರೂಢಿಯಾಗಿತ್ತು. ಈ ರೂಢಿಯನ್ನು ಬೇರೆ ಯಾರೋ ಮೇಲಿನಿಂದ ನೋಡಿ ಕಲಿಯುತ್ತಿದ್ದಾರೆ ಎಂದು ನಮಗೆ ಹೊಳೆಯಲೇ ಇಲ್ಲ.

ಆ ವರ್ಷ ರೋಬಸ್ಟಾ ಕೊಯ್ಲಿನ ಹೊತ್ತಿಗೆ ನಮ್ಮ ತೋಟದ ಕೆಳಗಿನ ಹಡ್ಲಿನಲ್ಲಿ ಒಂದು ಕೊಂಬಾನೆ ಬಿಡಾರ ಹೂಡಿತ್ತು. ಹಡ್ಲು ಎಂದರೆ ಸಾಗುವಳಿ ಬಿಟ್ಟ ಗದ್ದೆ. ಈಗ ಅಲ್ಲಿ ಬರೀ ಕೆಸರು, ಆಳೆತ್ತರದ ಹುಲ್ಲು. ಹೇಳದೆ ಕೇಳದೆ ಬರುವುದು, ಇದ್ದದ್ದನ್ನೆಲ್ಲ ತಿನ್ನುವುದು, ಹೋಗು ಎಂದರೆ ಮುಖ ತಿರುಗಿಸಿ ಇನ್ನೊಂದು ದಿನ ಉಳಿಯುವುದು. ಇದನ್ನೆಲ್ಲ ನೋಡಿ ಕೊಯ್ಲಿನ ಹೆಂಗಸರು ಅದಕ್ಕೆ ‘ಭಾವ’ ಎಂದು ಹೆಸರಿಟ್ಟರು. ನನ್ನ ಸ್ವಂತ ಭಾವನೂ ಹೀಗೇ ಇದ್ದರು. ಕೊಂಬು ಮಾತ್ರ ಇರಲಿಲ್ಲ.

ಭಾವ ಎಲ್ಲಿದ್ದಾರೆ ಎಂದು ಬೆಳಿಗ್ಗೆ ಸುತ್ತಲಿನ ತೋಟದವರಿಗೆಲ್ಲ ಫೋನಿನ ಆನೆ ಗುಂಪಿನಲ್ಲಿ ತಿಳಿಸುವುದು ನನ್ನ ಪಾಲಿನ ಕೆಲಸ. ಹಡ್ಲು ಕಾಣುವುದು ನಮ್ಮ ಕಾಫಿ ಕಣದಿಂದ ಮಾತ್ರ. ಮೊದಲು ಫೋನಿಗೇ ಮಾತಾಡಿ ದನಿ ಕಳಿಸುತ್ತಿದ್ದೆ. ಆದರೆ ನಮ್ಮಲ್ಲಿ ಸಿಗ್ನಲ್ಲು ಒಂದೇ ಕಡ್ಡಿ, ದನಿ ಹೋಗುವುದಿಲ್ಲ, ಅಕ್ಷರ ಹೇಗೋ ನುಸುಳಿಕೊಂಡು ಹೋಗುತ್ತದೆ. ಅದಕ್ಕೇ ಆನೆ ಪಡೆಯ ಹಳಬ, ಆನೆಯ ಜಾಡು ಹಿಡಿಯುವ ತಲೆ ನರೆತ ಟ್ರ್ಯಾಕರ್ ಒಬ್ಬರು, ಕಣದ ಕಟ್ಟೆಯ ಮೇಲೆ ಕೂರಿಸಿ ನನಗೆ ಟೈಪು ಮಾಡಲು ಕಲಿಸಿದರು. ಒಂದು ಬೆರಳಿನಲ್ಲಿ, ಕೋಳಿ ಕಾಳು ಕುಕ್ಕಿದ ಹಾಗೆ. ‘ಭಾವ ಹಡ್ಲಲ್ಲಿ’ ಎಂದು ಬರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತಿತ್ತು. ಆದರೂ ಅದನ್ನು ಓದಿ ಜನ ಯಾವ ದಾರಿಯಲ್ಲಿ ಕೆಲಸಕ್ಕೆ ಹೋಗಬೇಕೆಂದು ತೀರ್ಮಾನಿಸುತ್ತಿದ್ದರು. ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಮನೆಯಲ್ಲಿ ಯಾರೂ ಕೇಳಿದವರಲ್ಲ.

ಒಂದು ಬೆಳಿಗ್ಗೆ ಡ್ರೋನ್ ಬಂತು. ನಾವು ರಸ್ತೆಗೆ ಓಡಿದೆವು. ಎಷ್ಟು ಹೊತ್ತಾದರೂ ದಾಟಿತು ಎಂಬ ಮೆಸೇಜು ಬರಲಿಲ್ಲ. ಫೋನ್ ಮಾಡಿದರೆ ಟ್ರ್ಯಾಕರ್, “ನಾವಿವತ್ತು ಆ ಕಡೆ ಬಂದೇ ಇಲ್ಲ ಅಮ್ಮ” ಎಂದರು. ಯಾರೋ ಟೂರಿಸ್ಟಿನವರು ಇರಬೇಕು ಎಂದು ಬೈದುಕೊಂಡು ವಾಪಸು ಬಂದೆವು. ಹಡ್ಲಿನ ಅಂಚಿನ ಕೆಸರಿನಲ್ಲಿ ಬೂಟಿನ ಗುರುತುಗಳಿದ್ದವು. ಭಾವ ಆ ಬೆಳಿಗ್ಗೆ ಪಕ್ಕದ ತೋಟದಲ್ಲಿ ಬೈನೆ ಮರ ಮುರಿದು ತಿನ್ನುತ್ತಿದ್ದುದರಿಂದ ಅಲ್ಲಿರಲಿಲ್ಲ. ಬೂಟಿನ ಗುರುತು ನೋಡಿ ನಮ್ಮ ಮೇಸ್ತ್ರಿ, “ಟ್ರೆಕ್ಕಿಂಗಿನವ್ರು ಮಾರಾಯ್ರೆ, ಅವ್ರಿಗೆ ಕೆಸ್ರು ಕಂಡ್ರೆ ಖುಷಿ” ಎಂದ. ಮೇಸ್ತ್ರಿ ಎಂದರೆ ಆಳುಗಳ ಮೇಲ್ವಿಚಾರಕ. ನಮ್ಮವನಿಗೆ ಎಲ್ಲವೂ ಸರಿಯಾಗಿದೆ ಎಂದು ನಂಬುವ ಒಂದು ಕಾಯಿಲೆ.

ಅದಾಗಿ ಒಂದು ವಾರವಾಗಿರಬೇಕು, ಟ್ರ್ಯಾಕರ್ ಕುಂಟುತ್ತ ಬಂದರು. ಮೀನಖಂಡಕ್ಕೆ ಬ್ಯಾಂಡೇಜು. ಕಳಸದ ಆಚೆಯ ಒಂದು ಕಣಿವೆಯಲ್ಲಿ ಕೊಂಬಾನೆಯೊಂದನ್ನು ಹೊಡೆದು ಮುಖ ಕತ್ತರಿಸಿ ಕೊಂಬು ಒಯ್ದಿದ್ದರು. ಅಲ್ಲಿಯೂ ಮೊದಲು ಡ್ರೋನ್ ಬಂದಿದೆ. ಜನ ರೂಢಿಯ ಪ್ರಕಾರ ತೋಟ ಖಾಲಿ ಮಾಡಿ ರಸ್ತೆಗೆ ಹೋಗಿದ್ದಾರೆ. ಗುಂಡಿನ ಸದ್ದು ಕೇಳಿದೆ. ಇಲಾಖೆಯವರು ಆನೆ ಓಡಿಸಲು ಪಟಾಕಿ ಹೊಡೆದರು ಎಂದುಕೊಂಡು ಎಲೆಯಡಿಕೆ ಹಾಕುತ್ತ ಕೂತಿದ್ದಾರೆ. ಸಂಶಯಪಟ್ಟು ಒಳಗೆ ಹೋದ ಟ್ರ್ಯಾಕರ್ ಅವರ ಕಾಲಿಗೆ ಕೋವಿಯ ಚರೆ ಬಡಿದಿತ್ತು.

“ಮುಂಚೆ ಕಾಡಲ್ಲಿ ಅವ್ರು ಅಡಗ್ತಿದ್ರು, ನಾವು ಹುಡುಕ್ತಿದ್ವಿ. ಈಗ ನಾವು ಎಲ್ಲಿ ಕೂತು ಬುತ್ತಿ ಉಣ್ತೀವಿ ಅಂತ್ಲೂ ಅವ್ರಿಗೆ ಕಾಣ್ತದೆ ಅಮ್ಮ” ಎಂದರು.

ನನಗೆ ಆ ಬೂಟಿನ ಗುರುತು ಕಣ್ಣ ಮುಂದೆ ಬಂತು. ಆವತ್ತು ನಮ್ಮನ್ನು ರಸ್ತೆಗೆ ಓಡಿಸಿದ್ದು ಭಾವನಲ್ಲ, ಅವರು. ದನ ಅಟ್ಟಿದ ಹಾಗೆ ನಮ್ಮನ್ನು ನಮ್ಮದೇ ತೋಟದಿಂದ ಅಟ್ಟಿದ್ದರು. ಹೆದರಿಕೆ ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟು.

ಮಾರನೆಯ ದಿನ ರೇಂಜ್ ಆಫೀಸರ್ ಬಂದರು. ಕಣದಲ್ಲೇ ಕುರ್ಚಿ ಹಾಕಿದೆವು. ಸುತ್ತ ಒಣಗಲು ಹರಡಿದ ಹಣ್ಣು, ನಡುವೆ ಅವರು, ಟ್ರ್ಯಾಕರ್, ಮೇಸ್ತ್ರಿ, ನಾನು. ಆಫೀಸರ್ ಒಳ್ಳೆಯ ಮನುಷ್ಯ, ನಿದ್ದೆಗೆಟ್ಟ ಕಣ್ಣು. “ಮೊದ್ಲೆಲ್ಲ ಈ ಡ್ರೋನು ಸೈನ್ಯದ ಹತ್ರ ಮಾತ್ರ ಇರೋದು. ಈಗ ಮದುವೆ ಫೋಟೋದವ್ರು ತರಿಸ್ಕೊಳ್ಳೋ ಅಂಗ್ಡೀಲೇ ಕೋವಿ ಹಿಡ್ದ ಗ್ಯಾಂಗೂ ತರಿಸ್ಕೊಳ್ತದೆ. ಗಡಿ ಕಡೆ ಅದ್ರಲ್ಲೇ ಬಂದೂಕು ಸಾಗಿಸ್ತಾರೆ. ನಮ್ಮಲ್ಲಿ ಇನ್ನೂ ಬರೀ ನೋಡ್ತಿದಾರೆ, ಅಷ್ಟೇ ಪುಣ್ಯ” ಎಂದರು. ಆಮೇಲೆ ಕಾಫಿ ಲೋಟ ಕೆಳಗಿಟ್ಟು, “ನಿಮ್ಮ ಆನೆ ಗುಂಪಲ್ಲಿ ಅವ್ರ ಕಡೆಯೋರು ಯಾರೋ ಇದಾರೆ ಅಂತ ಅನುಮಾನ. ಸ್ವಲ್ಪ ದಿನ ಮುಚ್ಚಿಬಿಡಿ” ಎಂದರು.

“ಮುಚ್ಚಿದ್ರೆ ಬೆಳಿಗ್ಗೆ ಕೆಲ್ಸಕ್ಕೆ ಬರೋ ಹೆಂಗಸ್ರು ಭಾವನ ಕಾಲಡಿಗೆ ಹೋಗ್ತಾರಲ್ಲ ಸಾರ್?”

“ಹಾಗಾದ್ರೆ ಒಂದು ಕೆಲ್ಸ ಮಾಡಿ. ಸುಳ್ಳು ಜಾಗ ಹಾಕಿ. ಆನೆ ಇಲ್ಲಿದ್ರೆ ಅಲ್ಲಿದೆ ಅಂತ. ಅವ್ರು ಅಲ್ಲಿಗೆ ಬರ್ತಾರೆ, ನಾವು ಹಿಡೀತೀವಿ.”

ಉಪಾಯ ಚೆನ್ನಾಗಿತ್ತು. ತಮಾಷೆಗೆ ಸುಳ್ಳು ಹೇಳುವುದರಲ್ಲಿ ನನಗೆ ದೊಡ್ಡ ಹೆಸರೇ ಇದೆ, ಮೇಸ್ತ್ರಿ ಆಸೆಯಿಂದ ನನ್ನ ಮುಖ ನೋಡಿದ. ಆದರೆ ನಾನು ಸುಳ್ಳು ಬರೆದ ಬೆಳಿಗ್ಗೆಯೇ ಯಾವಳೋ ಒಬ್ಬಳು ಅದನ್ನು ನಂಬಿ ಹಡ್ಲಿನ ದಾರಿ ಹಿಡಿದರೆ? ಆ ಗುಂಪಿನಲ್ಲಿ ಒಂದು ಸಲ ಸುಳ್ಳು ಬಿದ್ದರೆ ಮರುದಿನದ ನಿಜವನ್ನೂ ಯಾರೂ ನಂಬುವುದಿಲ್ಲ.

“ಅದೊಂದು ಮಾತ್ರ ಆಗೋದಿಲ್ಲ ಸಾರ್” ಎಂದೆ. “ನಾ ನಿಜ ಬರೀತೀನಿ. ಕಳ್ರು ಓದ್ಲಿ, ಅವ್ರ ಅಪ್ಪ ಓದ್ಲಿ. ನಮ್ಮ ತೋಟ, ನಮ್ಮ ಭಾವ.”

ಆಫೀಸರಿಗೆ ನನ್ನ ಭಾವ ಯಾರು ಎಂದು ಟ್ರ್ಯಾಕರ್ ಪಿಸುಗುಟ್ಟಿ ವಿವರಿಸಬೇಕಾಯಿತು.

ಕೊನೆಗೆ ಕಷ್ಟ ಒಂದೇ ಉಳಿಯಿತು: ತಲೆ ಮೇಲಿನ ಡ್ರೋನ್ ಇಲಾಖೆಯದೋ ಅವರದೋ ಎಂದು ಕೆಳಗಿನವರಿಗೆ ಗೊತ್ತಾಗುವುದು ಹೇಗೆ? ಫೋನಿನಲ್ಲಿ ಹೇಳಿದರೆ ಅವರಿಗೂ ತಿಳಿಯುತ್ತದೆ. ನನಗೆ ನಮ್ಮ ಆಳುಗಳ ಪದ್ಧತಿ ನೆನಪಾಯಿತು. ಬೆಳಿಗ್ಗೆ ಬಂದವರು ಯಾರೇ ಆಗಲಿ ಮೊದಲು ಕಣಕ್ಕೆ ಬಂದು ಮುಖ ತೋರಿಸಿ ಹೆಸರು ಹೇಳಿ ಆಮೇಲೆ ತೋಟಕ್ಕೆ ಇಳಿಯುವುದು. “ನಿಮ್ಮ ಡ್ರೋನೂ ಹಾಗೇ ಮಾಡ್ಲಿ” ಎಂದೆ. “ಮೊದ್ಲು ನನ್ನ ಕಣಕ್ಕೆ ಒಂದು ಸುತ್ತು ಹಾಕ್ಲಿ. ಹಾಕಿದ್ರೆ ನಮ್ಮದು, ನಾವು ರಸ್ತೆಗೆ. ಹಾಕ್ಲಿಲ್ಲ ಅಂದ್ರೆ ನಾವು ತೋಟ ಬಿಡೋದಿಲ್ಲ.”

ಈ ಮಾತನ್ನು ಎಲ್ಲಿಯೂ ಬರೆಯಲಿಲ್ಲ. ಬೆಳಿಗ್ಗೆ ಹೆಸರು ಕರೆಯುವಾಗ ಬಾಯಲ್ಲೇ ಹೇಳಿದೆವು. ತೋಟ ಬಿಡದೆ ಏನು ಮಾಡುವುದು ಎಂಬುದಕ್ಕೆ ಟ್ರ್ಯಾಕರ್ ದಾರಿ ತೋರಿಸಿದರು. ಡ್ರೋನಿನ ಬ್ಯಾಟರಿ ಜಾಸ್ತಿ ಹೊತ್ತು ಬರುವುದಿಲ್ಲ, ಆದ್ದರಿಂದ ಹಾರಿಸುವವನು ಹತ್ತಿರದಲ್ಲೇ ಇರಬೇಕು, ಅದು ಎದ್ದ ಕಡೆಯೇ ಇಳಿಯುತ್ತದೆ. ಅದು ಹೋಗುವುದನ್ನಲ್ಲ, ವಾಪಸು ಹೋಗುವುದನ್ನು ನೋಡಬೇಕು. ನಮ್ಮ ಮೇಲಿನ ಗುಡ್ಡ ಬಂಡೆಗಲ್ಲಿನದು, ಭಾವ ಅಲ್ಲಿಗೆ ಹತ್ತುವುದಿಲ್ಲ. ಹೆಂಗಸರು ಅಲ್ಲಿಗೆ ಹತ್ತಿ ಸಾಲಾಗಿ ನಿಲ್ಲುವುದು. ಡ್ರೋನ್ ಯಾರ ತಲೆ ಮೇಲೆ ಹೋಗುತ್ತದೋ ಅವಳು ‘ಕೂ’ ಹಾಕುವುದು. ಕೊಯ್ಲಿನಲ್ಲಿ ಮಂಜು ಮುಚ್ಚಿದಾಗ ಒಬ್ಬರಿಗೊಬ್ಬರು ಇರವು ತಿಳಿಸಲು ಹಾಕುವ ಅದೇ ಕೂಗು. ಕೂಗು ಯಾವ ಕಡೆ ಮುಗಿಯುತ್ತದೋ ಡ್ರೋನಿನ ಮನೆ ಆ ಕಡೆ.

ಸಾಲಿನ ಕೊನೆಗೆ ನಿಲ್ಲುವವಳು ನಮ್ಮಲ್ಲಿ ಅತಿ ದೊಡ್ಡ ಗಂಟಲಿನವಳು. ಅವಳೇ ಕೇಳಿದಳು: “ಅಲ್ಲ ಅಮ್ಮ, ಮೇಲೆ ಡ್ರೋನು, ಕೆಳಗೆ ಭಾವ, ಆ ಕಡೆ ಕೋವಿ. ನಡುವೆ ನಾವೆಂತ, ಚಟ್ನಿಯ?”

“ಬೇಡದವ್ರು ರಸ್ತೆಗೆ ಹೋಗಿ ಮಾರಾಯ್ತಿ. ಕೂಲಿ ಕಡಿಯೋದಿಲ್ಲ.”

“ಹೋಗೋದಾದ್ರೆ ಕೇಳ್ತಿದ್ನ? ಅವ್ರು ನಮ್ಮನ್ನ ಓಡ್ಸಿ ಮೇಲಿಂದ ನೋಡಿ ನಗಾಡಿರ್ಬೇಕಲ್ಲ, ಅದೇ ಹೊಟ್ಟೆ ಉರಿಯೋದು.”

ಯಾರೂ ರಸ್ತೆಗೆ ಹೋಗುತ್ತೇನೆ ಎನ್ನಲಿಲ್ಲ. ಮೇಸ್ತ್ರಿ ನನ್ನ ಯಜಮಾನರ ಕಾಲದ ಲೈಸೆನ್ಸ್ ಕೋವಿ ಹೊರಗೆ ತೆಗೆಯಿರಿ ಎಂದ. ಅದನ್ನು ಎಲೆಕ್ಷನ್ನಿಗೆಂದು ಮೂಡಿಗೆರೆ ಸ್ಟೇಷನ್ನಿಗೆ ಒಪ್ಪಿಸಿದ್ದೆ, ವಾಪಸು ತರಲು ಸೋಮಾರಿತನವಾಗಿ ಅಲ್ಲೇ ತುಕ್ಕು ಹಿಡಿಯುತ್ತಿತ್ತು.

ಮೊದಲ ಸಲ ನಾವು ಚೆನ್ನಾಗಿಯೇ ಬೇಸ್ತು ಬಿದ್ದೆವು. ಡ್ರೋನ್ ಬಂತು, ಕಣಕ್ಕೆ ಸುತ್ತು ಹಾಕಲಿಲ್ಲ. ಹೆಂಗಸರು ಗುಡ್ಡ ಹತ್ತಿದರು. ಕೂಗು ಸಾಲಿನಲ್ಲಿ ಸರಿಯುತ್ತ ಸರಿಯುತ್ತ ಹೊಳೆ ಕಡೆ ಮುಗಿಯಿತು. ಕೊಯ್ಲಿನ ಏಣಿ, ಕತ್ತಿ ಹಿಡಿದು ಎಲ್ಲರೂ ಇಳಿದು ಹೋಗಿ ಸುತ್ತುವರಿದರೆ, ಬಂಡೆಯ ಮೇಲೆ ನೆಲ ಗುಡಿಸುವ ಉದ್ದದ ಕೆಂಪು ಗೌನು ತೊಟ್ಟ ಒಬ್ಬಳು ಹುಡುಗಿ, ಕೋಟು ಹಾಕಿದ ಒಬ್ಬ ಹುಡುಗ. ಮದುವೆಗೆ ಮುಂಚಿನ ಫೋಟೋ ಅಂತೆ. ನಮ್ಮನ್ನು ನೋಡಿ ಹುಡುಗ ಹುಡುಗಿಯ ಹಿಂದೆ ಅಡಗಿದ.

“ಇವ್ನನ್ನ ಮಾಡ್ಕೊಬೇಡ ಮಗ” ಎಂದಳು ಸಾಲಿನ ಕೊನೆಯವಳು.

ನಗು ಎರಡು ದಿನ ಇತ್ತು. ಆಮೇಲೆ ಆಫೀಸರ್ ಫೋನ್ ಮಾಡಿ, ಟೂರಿಸ್ಟಿನವರಿಂದ ಕಂಪ್ಲೇಂಟು ಬಂದಿದೆ, ಇನ್ನು ಮೇಲೆ ನೀವಾಗಿ ಎಲ್ಲಿಗೂ ನುಗ್ಗಬೇಡಿ, ನಮಗೆ ತಿಳಿಸಿ ಸುಮ್ಮನಿರಿ ಎಂದರು. ಮೇಸ್ತ್ರಿಗೆ ಅಷ್ಟು ಸಾಕಾಯಿತು. “ನಮ್ಗೆ ಯಾಕೆ ಈ ಉಸಾಬರಿ ಅಮ್ಮ? ಕಾಯಿ ಉದುರ್ತಾ ಇದೆ, ಕೊಯ್ಲು ಮುಗ್ಸಣ. ಆನೆ ಏನು ನಿಮ್ಮ ನೆಂಟನ?” ಎಂದ. ನನ್ನ ಹಿತ್ತಲಿನ ಬಾಳೆ ಒಂದು ಬಿಟ್ಟು ಎಲ್ಲ ಮುಗಿಸಿದ, ಬಾವಿಕಟ್ಟೆ ಬೀಳಿಸಿದ ಪ್ರಾಣಿಯನ್ನು ನಾನು ವಹಿಸಿಕೊಂಡು ಕೂತಿದ್ದೇನೆ ಎಂದು ನನಗೂ ಅನಿಸದೆ ಇರಲಿಲ್ಲ. ಆದರೆ ಭಾವನನ್ನು ಬೈಯುವ ಹಕ್ಕು ಬಾಳೆ ಕಳೆದುಕೊಂಡ ನನಗಿದೆ. ಕೊಂಬು ಕೊಯ್ಯುವವನಿಗೆ ಯಾವ ಹಕ್ಕೂ ಇಲ್ಲ.

ಕಳ್ಳರ ಡ್ರೋನ್ ಬಂದದ್ದು ಒಂದು ಮಧ್ಯಾಹ್ನ. ಆನೆ ಪಡೆಯವರು ಕಳಸದ ಕಡೆ ಒಂದು ಹಿಂಡು ಬಂತೆಂದು ಹೋಗಿದ್ದರು. ಅವರ ಜೀಪು ಹೋದದ್ದು ಮೇಲಿನ ಕಣ್ಣಿಗೆ ಕಂಡಿರಬೇಕು. ನಾನು ಕಣದಲ್ಲಿ ಹಣ್ಣು ತಿರುವುತ್ತಿದ್ದೆ. ಡ್ರೋನ್ ನೇರ ಹಡ್ಲಿನ ಮೇಲೆ ಬಂದು ನಿಂತಿತು. ಹುಲ್ಲಿನ ನಡುವೆ ಭಾವನ ಬೆನ್ನು ಬಂಡೆಯ ಹಾಗೆ ಕಾಣುತ್ತಿತ್ತು, ಕಿವಿ ಮಾತ್ರ ಆಡುತ್ತಿತ್ತು. ಡ್ರೋನ್ ಅಲ್ಲೇ ಸ್ವಲ್ಪ ಹೊತ್ತು ನಿಂತು, ನಮ್ಮ ಕೊಯ್ಲಿನ ಪಟ್ಟೆಯ ಮೇಲೆ ತಗ್ಗಿ ಹೋಗಿ ಬಂತು. ಹೆಂಗಸರು ಓಡಿದರೋ ಇಲ್ಲವೋ ಎಂದು ನೋಡಲಿಕ್ಕೆ. ಅವರು ಆಗಲೇ ಗುಡ್ಡ ಹತ್ತುತ್ತಿದ್ದರು, ಪಟ್ಟೆ ಖಾಲಿ. ಕಣಕ್ಕೆ ಬರಲಿಲ್ಲ.

ನಾನು ಹಣ್ಣು ಕೆರೆಯುವ ಹಲಗೆ ನೆಲಕ್ಕೆ ಹಾಕಿದೆ. ಟ್ರ್ಯಾಕರಿಗೆ ಫೋನ್ ಹೋಗಲಿಲ್ಲ, ಬರೆದು ಕಳಿಸೋಣವೆಂದರೆ ಆ ಹೊತ್ತಿಗೆ ಒಂದು ಕಡ್ಡಿಯೂ ಇರಲಿಲ್ಲ. ಗುಡ್ಡದಿಂದ ಮೊದಲ ‘ಕೂ’ ಬಂತು. ಆಮೇಲೆ ಇನ್ನೊಂದು. ಕೂಗು ಹೊಳೆ ಕಡೆ ಹೋಗಲಿಲ್ಲ. ಹಿಂದಿನ ಮಣ್ಣು ರಸ್ತೆಯ ಕಡೆ ತಿರುಗಿ, ಸಾಲಿನ ಕೊನೆಯವಳ ದೊಡ್ಡ ಗಂಟಲಿನಲ್ಲಿ ಮುಗಿಯಿತು. ಅಲ್ಲಿ ಒಂದು ಹಳೆ ಮೋರಿ ಇದೆ. ಮೋರಿಯಿಂದ ಹಡ್ಲಿಗೆ ಇಳಿಯಲು ಕಾಲುದಾರಿ. ಆಫೀಸರ್ ಸುಮ್ಮನಿರಿ ಎಂದಿದ್ದರು. ಅವರಿಗೆ ತಿಳಿಸಿ ಸುಮ್ಮನಿರೋಣವೆಂದರೆ ತಿಳಿಸಲಿಕ್ಕೇ ಆಗುತ್ತಿಲ್ಲ. ಅವರು ಬರುವಷ್ಟರಲ್ಲಿ ಭಾವನಿಗೆ ಮುಖ ಇರುವುದಿಲ್ಲ.

“ಜೀಪು ಹತ್ತು” ಎಂದೆ ಮೇಸ್ತ್ರಿಗೆ.

“ಯಾರು ಓಡ್ಸೋದು?”

“ನಾನೇ. ನೀನು ಗಟ್ಟಿ ಹಿಡ್ಕೊ.”

ನನ್ನ ಜೀಪಿಗೆ ಬ್ರೇಕು ಕಡಿಮೆ, ನನಗೂ ಹಾಗೆ. ಮೋರಿಯ ಮೇಲೆ ರಸ್ತೆ ಒಂದೇ ಗಾಡಿಯಗಲ. ಜೀಪನ್ನು ಅಡ್ಡ ನಿಲ್ಲಿಸಿ ಕೀಲಿ ತೆಗೆದು ರವಿಕೆಯೊಳಗೆ ಹಾಕಿಕೊಂಡೆ. ಆಚೆ ಒಂದು ಕಾರು, ಮೂರು ಜನ. ಒಬ್ಬನ ಕೈಯಲ್ಲಿ ಡ್ರೋನಿನ ರಿಮೋಟು. ಒಬ್ಬ ಕಾರಿಗೆ ಒರಗಿದ್ದ. ಮೂರನೆಯವನ ಹೆಗಲಿಗೆ ಕ್ಯಾಮೆರಾ ಸ್ಟ್ಯಾಂಡಿನ ಉದ್ದ ಚೀಲ, ಅವನು ಆಗಲೇ ಕಾಲುದಾರಿಯಲ್ಲಿ ಅರ್ಧ ಇಳಿದಿದ್ದ. ಮೇಲಿನಿಂದ ಹೆಂಗಸರು ಗಿಡಗಳ ನಡುವೆ ಇಳಿದು ಬಂದು ಕಾಲುದಾರಿಗೆ ಅಡ್ಡ ನಿಂತರು. ಅವನು ವಾಪಸು ಹತ್ತಬೇಕಾಯಿತು, ಹೆಂಗಸರೂ ಹಿಂದೆಯೇ ಹತ್ತಿ ಬಂದು ರಸ್ತೆ ತುಂಬಿ ನಿಂತರು.

“ಎಂತ ಅಜ್ಜಿ, ಗಾಡಿ ತೆಗೀರಿ. ನಾವು ಇಲಾಖೆಯವ್ರು. ಆನೆ ಇದೆ, ಎಲ್ಲ ರಸ್ತೆಗೆ ಹೋಗ್ಬೇಕು” ಎಂದ ಕಾರಿನವನು.

“ಹೌದ? ಹಾಗಾದ್ರೆ ಕಣಕ್ಕೆ ಯಾಕೆ ಬರ್ಲಿಲ್ಲ?”

“ಯಾವ ಕಣ?”

ಸಾಲಿನ ಕೊನೆಯವಳು ಕಿಸಕ್ಕನೆ ನಕ್ಕಳು. ಆ ನಗು ಕೇಳಿ ಅವರಿಗೆ ಆಟ ಮುಗಿಯಿತೆಂದು ತಿಳಿಯಿತು. ಉದ್ದ ಚೀಲದ ಜಿಪ್ಪು ಬಿಚ್ಚಿತು. ಒಳಗೆ ಸ್ಟ್ಯಾಂಡು ಇರಲಿಲ್ಲ. ಮನೆಯಲ್ಲಿ ವರ್ಷಗಟ್ಟಲೆ ಕೋವಿಯ ಧೂಳು ಒರೆಸಿದವಳು ನಾನು. ಆದರೆ ಅದರ ಬಾಯಿ ನನ್ನ ಕಡೆ ತಿರುಗಿದ್ದು ಅದೇ ಮೊದಲು. ಮೇಸ್ತ್ರಿ ಜೀಪಿನ ಹಿಂದೆ ಕೂತುಬಿಟ್ಟ.

“ಕೀಲಿ ಕೊಡು ಮುದ್ಕಿ.”

“ತಡಿ” ಎಂದೆ. ಫೋನ್ ತೆಗೆದೆ. ಒಂದು ಕಡ್ಡಿ ಸಿಗ್ನಲ್ಲು ಇತ್ತು. “ಸ್ವಲ್ಪ ನಿಧಾನ ಆಗ್ತದೆ. ನಾನು ಟೈಪು ಹೊಸ್ದಾಗಿ ಕಲ್ತದ್ದು.”

ಅವನಿಗೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ ಎಂದು ಕಾಣುತ್ತದೆ. ಕೋವಿ ತೋರಿಸಿದವನ ಮುಂದೆ ಮುದುಕಿ ಕನ್ನಡಕ ಸರಿಪಡಿಸಿಕೊಂಡು ಅಕ್ಷರ ಹುಡುಕುತ್ತ ನಿಂತರೆ ಅದಕ್ಕೆ ಅವರಲ್ಲಿ ಯಾವ ತಯಾರಿಯೂ ಇರಲಿಲ್ಲ. ‘ಡ’ ಒತ್ತಿದರೆ ‘ಢ’ ಬರುತ್ತಿತ್ತು. ಅಳಿಸಿ ಮತ್ತೆ ಬರೆದೆ.

‘ಭಾವ ಹಡ್ಲಲ್ಲಿ. ಕೋವಿ ಮೋರಿ ಹತ್ರ. ನಾವು ಮಧ್ಯ.’

ಕಳಿಸಿದೆ. ತಲೆಯ ಮೇಲೆ ಡ್ರೋನ್ ಇಳಿಯಲು ಜಾಗವಿಲ್ಲದೆ ಗುಂಯ್ ಎನ್ನುತ್ತಿತ್ತು, ಅದು ಎದ್ದ ಜಾಗದಲ್ಲಿ ಹೆಂಗಸರು ನಿಂತಿದ್ದರು. ರಿಮೋಟು ಕೀಂ ಕೀಂ ಎಂದು ಅಳತೊಡಗಿತು. ಆಗ ಪಕ್ಕದ ತೋಟದಿಂದ ಒಂದು ‘ಕೂ’ ಬಂತು. ಗಂಡಸಿನ ದನಿ. ಅದರಾಚೆಯ ತೋಟದಿಂದ ಇನ್ನೊಂದು. ಕೆಳಗಿನ ಊರಿನಿಂದ ಒಂದು. ಜೀಪುಗಳ ಸದ್ದು. ಮೂವರಿಗೂ ಕೂಗಿನ ಭಾಷೆ ಬರುತ್ತಿರಲಿಲ್ಲ, ಆದರೆ ಅದು ಹತ್ತಿರ ಬರುತ್ತಿದೆ ಎಂದು ತಿಳಿಯಲು ಭಾಷೆ ಬೇಕಾಗಿರಲಿಲ್ಲ.

ಕೋವಿಯವನು ಆಕಾಶಕ್ಕೆ ಗುಂಡು ಹೊಡೆದ. ನಾನು ಬಾನೆಟ್ಟಿಗೆ ಒರಗಿದೆ. ಅಷ್ಟರಲ್ಲಿ ಕೆಳಗೆ ಹಡ್ಲಿನಲ್ಲಿ ಹುಲ್ಲು ಮುರಿಯುವ ಸದ್ದು, ಕೆಸರಿನಿಂದ ಕಾಲು ಕೀಳುವ ಸದ್ದು, ಒಂದು ಘೀಳು. ಭಾವ ಎದ್ದು ಕಾಡಿನ ಕಡೆ ನಡೆದೇಬಿಟ್ಟಿದ್ದ. ಯಾರ ಸಲುವಾಗಿ ಇಷ್ಟೆಲ್ಲ ತಂದಿದ್ದರೋ ಅವನನ್ನು ಅವರದೇ ಗುಂಡು ಓಡಿಸಿತು. ಮೂವರೂ ಕಾರು ಬಿಟ್ಟು ದಿಕ್ಕಾಪಾಲಾಗಿ ಓಡಿದರು. ಡ್ರೋನ್ ಶಕ್ತಿ ಸೋತು ತಾನಾಗಿಯೇ ರಸ್ತೆಯ ಅಂಚಿಗೆ ಇಳಿಯಿತು. ಸಾಲಿನ ಕೊನೆಯವಳು ಅದರ ಮೇಲೆ ಬುಟ್ಟಿ ಕವುಚಿ, ಕೋಳಿ ಮುಚ್ಚಿದ ಹಾಗೆ, ಮೇಲೊಂದು ಕಲ್ಲು ಹೇರಿದಳು. “ಮೊಟ್ಟೆ ಇಡ್ಲಿ” ಎಂದಳು.

ಇಬ್ಬರು ಕೆಳಗಿನ ರಸ್ತೆಯಲ್ಲಿ ಸಿಕ್ಕಿದರು. ಕೋವಿಯವನು ಕಾಡಿಗಿಳಿದು ತಪ್ಪಿಸಿಕೊಂಡ.

ಆಫೀಸರ್ ನನ್ನನ್ನು ಬೈದರು, ಬೈದು ಮುಗಿದ ಮೇಲೆ ಕೈ ಮುಗಿದರು. ಡ್ರೋನಿನೊಳಗಿದ್ದ ಚಿತ್ರ ತೋರಿಸಿದರು. ಆನೆ ಪಡೆಯ ಬಿಡಾರ, ಅವರ ಜೀಪು. ಮೊದಲ ಸಲ ನಾವು ರಸ್ತೆಗೆ ಓಡಿದ್ದು, ಇರುವೆ ಸಾಲಿನ ಹಾಗೆ. ನನ್ನ ಕಣ ಒಂದು ಕಂದು ಕರವಸ್ತ್ರದಷ್ಟು. ಅದರ ನಡುವೆ ಸೊಂಟಕ್ಕೆ ಕೈ ಕೊಟ್ಟು ಮೇಲೆ ನೋಡುತ್ತಿರುವ ಒಂದು ಚುಕ್ಕಿ. ನಾನು. ಅಷ್ಟು ಎತ್ತರದಿಂದ ನೋಡಿದವರಿಗೆ ನಮ್ಮನ್ನು ಓಡಿಸುವುದು ಸುಲಭ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಾವು ಏನು ಮಾತಾಡಿಕೊಂಡೆವು ಎಂಬುದು ಮಾತ್ರ ಅದರಲ್ಲಿ ಬಂದಿರಲಿಲ್ಲ.

“ಒಬ್ಬ ಹೊರಗಿದಾನೆ, ಕೋವೀನೂ ಇದೆ. ಇನ್ನೊಂದು ಡ್ರೋನ್ ತರಿಸ್ಕೊಳ್ಳೋದು ಏನೂ ಕಷ್ಟ ಅಲ್ಲ” ಎಂದರು ಆಫೀಸರ್. “ಸ್ವಲ್ಪ ದಿನ ಜಾಗ ಹಾಕ್ಬೇಡಿ ಅಮ್ಮ.”

ಹೂಂ ಎಂದೆ. ಅಧಿಕಾರಿಗಳಿಗೆ ಹೂಂ ಎನ್ನುವುದು ಸಲೀಸು.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದರೆ ಉಳಿದಿದ್ದ ಒಂದು ಬಾಳೆಯೂ ಇಲ್ಲ, ಬೇಲಿ ಅಡ್ಡ ಬಿದ್ದಿದೆ. ಕಣಕ್ಕೆ ಬಂದು ನೋಡಿದೆ. ಹಡ್ಲಿನ ಹುಲ್ಲಿನ ನಡುವೆ ಕಪ್ಪು ಬೆನ್ನು, ಎರಡು ಬಿಳಿ ಕೊಂಬು, ನಿಧಾನ ಆಡುವ ಕಿವಿ. ಕೆಳಗಿನ ದಾರಿಯಲ್ಲಿ ಕೆಲಸಕ್ಕೆ ಬರುವವರ ಮಾತು ಆಗಲೇ ಕೇಳುತ್ತಿತ್ತು. ಕಟ್ಟೆಯ ಮೇಲೆ ಕೂತು ಕನ್ನಡಕ ಹಾಕಿಕೊಂಡೆ. ಆವತ್ತು ‘ಡ’ ಒತ್ತಿದರೆ ‘ಡ’ ಬಂತು.

‘ಭಾವ ಹಡ್ಲಲ್ಲಿ. ಎಲ್ಲರೂ ಮೇಲಿನ ದಾರಿಯಲ್ಲಿ ಬನ್ನಿ. ಕೋವಿಯವನೇ, ನೀನೂ ಓದ್ತಾ ಇದ್ರೆ ಓದ್ಕೋ. ನಾವೂ ಇಲ್ಲೇ ಇದ್ದೇವೆ.’